ಕೆಂಪು ತುದಿ ಮುಂದಕ್ಕೆ

ನಿವೃತ್ತ ಚಿತ್ರಕಲಾ ಶಿಕ್ಷಕನೊಬ್ಬ ಗಾಡಿಯ ಕೆಳಗೆ ಅಂಗಾತ ಮಲಗಿ, ತುಕ್ಕಿನ ಪುಡಿಯನ್ನು ಕಣ್ಣಿಗೆ ಬೀಳಿಸಿಕೊಳ್ಳುತ್ತ ಕಾಲ ಕಳೆಯುವುದು ಯಾವ ಆಶ್ರಮಧರ್ಮದಲ್ಲಿ ಬರುತ್ತದೋ ನಾನರಿಯೆ. ವಾನಪ್ರಸ್ಥದ ಬಗ್ಗೆ ಹಿರಿಯರು ಹೇಳಿದ ಮಾತುಗಳಲ್ಲಿ ಜ್ಯಾಕಿನ ಪ್ರಸ್ತಾಪ ನನಗಂತೂ ಸಿಕ್ಕಿಲ್ಲ. ಆದರೂ ಈ ಸಲದ ಬೇಸಿಗೆಯನ್ನು ಹೆಚ್ಚುಕಡಿಮೆ ಅದೇ ಭಂಗಿಯಲ್ಲಿ ಕಳೆದೆ. ಗೋಕಾಕದಲ್ಲಿ ಮಲಗಿದೆ, ಮೂಡಲಗಿಯಲ್ಲಿ ಮಲಗಿದೆ, ಹುಕ್ಕೇರಿಯಲ್ಲೂ ಮಲಗಿದೆ. ಮೂರೂ ಊರಿನ ಆಕಾಶಕ್ಕಿಂತ ಮೂರೂ ಊರಿನ ಗ್ರೀಸು ನನಗೀಗ ಹೆಚ್ಚು ಪರಿಚಯ.

ಇದಕ್ಕೆಲ್ಲ ಕಾರಣ ನನ್ನ ಅಣ್ಣ. ಕಾರಣ ಎಂದರೆ ಅವನಿಗೆ ಸಿಟ್ಟು ಬಂದೀತು, ನಿಮಿತ್ತ ಎನ್ನೋಣ.

ಅಣ್ಣ ಹಾರ್ಮೋನಿಯಂ ರಿಪೇರಿ ಮಾಡುವವನು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ, ಅವನಿಗೆ ಪೇಟಿ ಮಾಸ್ತರ ಎನ್ನುತ್ತಾರೆ. ಆರು ವರ್ಷದ ಹಿಂದೆ ಮಳೆ ಬರುತ್ತದೆಂದು ಮಾಳಿಗೆಯ ಮೇಲೆ ತಾಡಪತ್ರಿ ಕಟ್ಟಲು ಹತ್ತಿದವನು ತಾಡಪತ್ರಿಯ ಸಮೇತ ಕೆಳಗೆ ಬಂದ. ಮಳೆ ಬರಲಿಲ್ಲ. ಅಂದಿನಿಂದ ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಸೊಂಟದ ಮೇಲೆ ಮಾತ್ರ ಎಲ್ಲರಿಗಿಂತ ಹೆಚ್ಚು ತಿಳಿಯುತ್ತದೆ, ವಿಶೇಷವಾಗಿ ನಡುಬೆನ್ನಿನಲ್ಲಿ. ಮೊದಲ ಒಂದು ವರ್ಷ ಗಾಲಿಕುರ್ಚಿಯಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಓಡಾಡಿ, ನನ್ನ ಹೆಂಡತಿಯ ಸಾರಿಗೆ ಶ್ರುತಿ ತಪ್ಪಿದೆ ಎಂದು ಹೇಳಲು ಶುರು ಮಾಡಿದಾಗ, ಇವನನ್ನು ಮನೆಯಿಂದ ಹೊರಗೆ ಕರೆದೊಯ್ಯುವುದು ಇಡೀ ಕುಟುಂಬದ ಹಿತದೃಷ್ಟಿಯಿಂದ ಅವಶ್ಯವೆಂದು ಕಂಡಿತು.

ಅದೇ ವರ್ಷ ನಾನು ಶಾಲೆಯಿಂದ ನಿವೃತ್ತನಾದೆ. ಹಳೆಯದೊಂದು ಸಣ್ಣ ಟ್ರಕ್ಕು ಹಿಡಿದೆ. ಗೋಕಾಕದ ವೆಲ್ಡಿಂಗಿನವನಿಂದ ಅದರ ಬೆನ್ನ ಮೇಲೆ ಒಂದು ಕೋಣೆ ಕಟ್ಟಿಸಿದೆ. ಎರಡು ಕಿಟಕಿ, ಹಿಂದೆ ಅಗಲ ಬಾಗಿಲು, ಕುರ್ಚಿ ಹತ್ತಿಸಲು ಕಬ್ಬಿಣದ ಇಳಿಜಾರು ಹಲಗೆ, ಕುರ್ಚಿಯ ಗಾಲಿ ಕಟ್ಟಲು ನೆಲದಲ್ಲಿ ಕೊಕ್ಕೆ, ಅವನು ಕುಳಿತಲ್ಲೇ ಕೈಗೆ ನಿಲುಕುವ ಎತ್ತರದಲ್ಲಿ ನಾಲ್ಕು ಬೋಲ್ಟಿನ ಮೇಲೆ ನಿಂತ ಸಾಗವಾನಿ ಬೆಂಚು. ಒಳಗೆ ಎಲ್ಲವನ್ನೂ ನಾನೇ ನಕ್ಷೆ ಬರೆದು ಮಾಡಿಸಿದ್ದು. ವಾರಕ್ಕೆರಡು ಸಲ ಕೌಜಲಗಿಗೆ, ಮಮದಾಪುರಕ್ಕೆ, ಮೂಡಲಗಿಗೆ ಹೋಗಿ ಮಠದ ಮುಂದೆ, ಗುಡಿಯ ಮುಂದೆ ಗಾಡಿ ನಿಲ್ಲಿಸಿ ಬಾಗಿಲು ತೆರೆದರೆ ಅದೇ ಅಂಗಡಿ. ಭಜನಾ ಮಂಡಳಿಯವರು ಪೇಟಿ ಹೊತ್ತುಕೊಂಡು ಬರುತ್ತಿದ್ದರು. ಅಣ್ಣ ಅದರ ಹೊಟ್ಟೆ ಬಿಚ್ಚಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಊರಿನವರೆಲ್ಲ ಕೇಳುವಂತೆ ತೀರ್ಪು ಕೊಡುತ್ತಿದ್ದ.

"ನೀವು ಭಜನಿ ಮಾಡಿಲ್ಲ. ಇಲಿ ಸಂಸಾರ ಮಾಡ್ಯಾವ ಇದರಾಗ. ಅವರ ಸಂಸಾರ ನಿಮ್ಮ ಭಜನಿಗಿಂತ ಶ್ರುತಿಯಾಗ ಇತ್ತು ಕಾಣಸತೈತಿ."

ಬೈಸಿಕೊಳ್ಳಲೆಂದೇ ಜನ ಸೇರುತ್ತಿದ್ದರು. ಬೈದು ಬಂದ ದಿನ ಅಣ್ಣ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಐದು ವರ್ಷ ಹೀಗೆ ನಡೆಯಿತು.

ಆಮೇಲೆ ಗಾಡಿಯ ಹಿಂಭಾಗ ಕುಸಿಯತೊಡಗಿತು. ಕೋಣೆ, ಹಲಗೆ, ಬೆಂಚು, ಕುರ್ಚಿ, ಅಣ್ಣ, ಅಣ್ಣನ ಅಭಿಪ್ರಾಯಗಳು, ಎಲ್ಲ ಸೇರಿ ಭಾರವೇನು ಕಡಿಮೆಯೇ? ಗೋಕಾಕದಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬನಿದ್ದಾನೆ. ಅವನ ಆಯುಷ್ಯವೆಲ್ಲ ಕಬ್ಬು ಸಾಗಿಸುವ ಟ್ರಾಲಿಗಳ ಕೆಳಗೇ ಕಳೆದಿದೆ. ಅವನು ಬಗ್ಗಿ ನೋಡಿ ಹೇಳಿದ:

"ಮಾಸ್ತರ, ಪಾಟಾ ಸಾಷ್ಟಾಂಗ ನಮಸ್ಕಾರ ಹಾಕ್ಯಾವ. ಇನ್ನ ಏಳಂಗಿಲ್ಲ."

ಪಾಟಾ ಎಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಹಿಂದಿನ ಎರಡು ಗಾಲಿಗೆ ಎರಡು ಕಟ್ಟು. ಗಾಡಿಯ ಭಾರವನ್ನೂ ರಸ್ತೆಯ ಪಾಪವನ್ನೂ ಹೊರುವುದು ಅವೇ. ಒಂದೊಂದು ಕಟ್ಟಿನ ನಡುವೆ ಒಂದು ಬೋಲ್ಟು, ಆ ಬೋಲ್ಟಿನ ಮೇಲೆ ಗಾಲಿಗಳ ಆಕ್ಸಲ್ ಕೂರುತ್ತದೆ. ಭಾರ ಹೊತ್ತು ಹೊತ್ತು ನಮ್ಮವು ಬಿಲ್ಲಿನಾಕಾರ ಬಿಟ್ಟು ಗೆರೆಯಾಗಿದ್ದವು. ಅದೇ ಮೂಲ ಪಾಟಾ ಈಗ ಬರುವುದಿಲ್ಲವೆಂದೂ, ಹೊರಗಿನವರು ಮಾಡುವ ಗಟ್ಟಿಯಾದ 'ಕಿಟ್' ಸಿಗುತ್ತದೆಂದೂ ಅವನು ಹೇಳಿದ್ದರಿಂದ, ಮೊಬೈಲಿನಲ್ಲಿ ಬೆರಳಾಡಿಸಿ ದೂರದ ಊರಿನಿಂದ ತರಿಸಿದೆ. ನಿಮ್ಮ ಗಾಡಿಗೆ ಹೇಳಿ ಮಾಡಿಸಿದಂತಿದೆ ಎಂದು ಮೊಬೈಲ್ ಆಶ್ವಾಸನೆ ಕೊಟ್ಟಿತು.

ಕಿಟ್ ಬಂತು. ಎರಡು ಪಾಟಾಗಳನ್ನು ಮದುವೆಮನೆಯಲ್ಲಿ ಮಲಗಿದವರಂತೆ ಒಂದರ ತಲೆಗೆ ಇನ್ನೊಂದರ ಕಾಲು ಬರುವ ಹಾಗೆ ಜೋಡಿಸಿ ಕಟ್ಟಿದ್ದರು. ಜೊತೆಗೆ ತುದಿಯ ತೂತುಗಳಲ್ಲಿ ಕೂರುವ ಬುಶ್ಶು, ಬೋಲ್ಟು, ಮತ್ತು ಏನೋ ಚಿತ್ರಗಳಿದ್ದ ಒಂದು ಕಾಗದ.

ಇಲ್ಲಿ ನನ್ನ ಒಂದು ದೌರ್ಬಲ್ಯ ಹೇಳಬೇಕು. ಕಾರಹುಣ್ಣಿಮೆಗೆ ನಮ್ಮ ಓಣಿಯ ಎತ್ತುಗಳ ಕೋಡಿಗೆ ಬಣ್ಣ ಹಚ್ಚುವುದು ನನ್ನ ಪಾಲಿನ ಮಾನದ ಕೆಲಸ. ನಮ್ಮ ಮನೆಯಲ್ಲಿ ಎತ್ತಿಲ್ಲದೆ ಬಹಳ ವರ್ಷವಾಯಿತು, ಆದರೂ ಹುಣ್ಣಿಮೆಯ ಮುಂಜಾನೆ ಜನ ಎತ್ತು ಹೊಡೆದುಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ. ದುಡಿಯುವ ಯಾವುದೂ ಬರಿಮೋರೆಯಲ್ಲಿ ಕೆಲಸಕ್ಕೆ ಇಳಿಯಬಾರದೆಂಬುದು ನಮ್ಮ ಅಪ್ಪನ ನಂಬಿಕೆ, ನನ್ನದೂ. ಹೋದ ವರ್ಷದ ಬಣ್ಣ ಡಬ್ಬಿಯಲ್ಲಿ ಉಳಿದಿತ್ತು. ಪಾಟಾ ಎರಡನ್ನೂ ಬಂದ ಹಾಗೆಯೇ ಅಂಗಳದಲ್ಲಿ ಪಕ್ಕಪಕ್ಕ ಇಟ್ಟೆ. ಮಣೆ ಹಾಕಿ ಕೂತೆ. ಬಲಗಡೆಯ ತುದಿಗಳಿಗೆ ಕೆಂಪು, ಎಡಗಡೆಯವಕ್ಕೆ ಹಳದಿ, ನಡುವೆ ಒಂದು ನೀಲಿ ಪಟ್ಟೆ. ನಡುವಿನ ಬೋಲ್ಟಿನ ಹತ್ತಿರ ಯಾರೋ ಅವಸರದಲ್ಲಿ ಬಿಳಿ ಬಣ್ಣದಿಂದ ಗೀಚಿದ್ದರು. ನೋಡಲು ವಿಕಾರವಾಗಿತ್ತು. ಅದರ ಮೇಲೆ ನೀಲಿಯನ್ನು ಎರಡು ಕೋಟು ಹೆಚ್ಚಿಗೆ ಹಚ್ಚಿದೆ. ನೆಲ ಹೊಲಸಾಗದಿರಲೆಂದು ಡಬ್ಬಿಯ ಕೆಳಗೆ ಆ ಚಿತ್ರದ ಕಾಗದ ಹಾಕಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ನಮ್ಮ ಮದಿವ್ಯಾಗ ನನಗೂ ಇಷ್ಟು ಶೃಂಗಾರ ಮಾಡಿದ್ದಿಲ್ಲ ಬಿಡ್ರಿ."

"ನೀ ಭಾರ ಹೊರೂದು ಆಮ್ಯಾಲ ಗೊತ್ತಾತು," ಎಂದೆ. ಆ ಹೊತ್ತಿಗೆ ಅದು ಒಳ್ಳೆಯ ಉತ್ತರವೆನಿಸಿತ್ತು.

ಮರುದಿನ ಮೆಕ್ಯಾನಿಕ್ ಪಾಟಾ ನೋಡಿ ಸ್ಪ್ಯಾನರ್ ಕೆಳಗಿಟ್ಟ.

"ಇದೇನ್ರಿ ಮಾಸ್ತರ, ಇವಕ್ಕ ಕನ್ಯೆ ನೋಡಾಕ ಹೊಂಟೇರೇನು?"

"ನಗಬ್ಯಾಡ. ಕೆಂಪು ತುದಿ ಮುಂದಕ್ಕ ಬರಲಿ. ಎರಡೂ ಕಡೆ. ಹಿಂದಿನಿಂದ ನೋಡಿದರ ಹಳದಿ ಕಾಣಬೇಕು."

"ಹಿಂದ ಮುಂದ ಏನರ ಫರಕ ಐತೇನ್ರಿ ಇವಕ್ಕ?"

"ಫರಕ ಬಣ್ಣದ್ದು."

"ಆತ ಬಿಡ್ರಿ. ಟ್ರಾಲಿ ಪಾಟಾಕ್ಕ ಹೆಂಗ ಹಾಕಿದ್ರೂ ನಡೀತೈತಿ. ನಿಮ್ಮ ಮನಸ್ಸಿಗೆ ಬಂದಂಗ ಆಗಲಿ."

ಎಡಗಡೆಯದು ಒಳ್ಳೆಯ ಹುಡುಗನಂತೆ ಕೂತಿತು. ಬಲಗಡೆಯದು ಕೂರಲೊಲ್ಲದು. ಆಕ್ಸಲ್ಲಿಗೆ ಸರಪಳಿ ಹಾಕಿ, ಹಾರೆಯಿಂದ ಮೀಟಿ ಹಿಂದಕ್ಕೆ ಜಗ್ಗಬೇಕಾಯಿತು. ಬುಶ್ಶುಗಳೂ ಒಂದು ಕೂದಲಿನಷ್ಟು ದಪ್ಪ. ಅರ ಹಾಕಿ ತಿಕ್ಕಿದ. ಬೋಲ್ಟುಗಳು ಅಗತ್ಯಕ್ಕಿಂತ ಗೇಣುದ್ದ ಹೆಚ್ಚು. "ಕಿಟ್ಟ ಬರೋಬ್ಬರಿ ಇಲ್ರಿ, ಯಾವುದೋ ಬ್ಯಾರೆ ಗಾಡಿದು ಕಳಿಸ್ಯಾರ," ಎಂದು ಬೆವರೊರೆಸಿಕೊಂಡ. ನಾನೂ ದೂರದ ಊರಿನ ಆ ಅಜ್ಞಾತ ಕಿಡಿಗೇಡಿಗಳನ್ನು ಮನಸಾರೆ ಶಪಿಸಿದೆ. ಗಾಡಿ ಮಾತ್ರ ಎದೆ ಉಬ್ಬಿಸಿ ನಿಂತಿತ್ತು.

ಮೊದಲ ಪ್ರಯಾಣ ಕೌಜಲಗಿಗೆ. ಊರು ದಾಟುವ ಮೊದಲೇ ಹಿಂದಿನಿಂದ ಅಣ್ಣನ ದನಿ ಬಂತು.

"ತಮ್ಮಾ, ಬಲಗಡೆ ಏನೋ ಬಡೀತೈತಿ. ಮಂದ್ರದಾಗ ಐತಿ."

"ಹೊಸಾದು, ಕೂಡಬೇಕದು."

"ಕೂಡಾಕತ್ತಿಲ್ಲ. ಏಳಾಕತ್ತೈತಿ."

ಗಾಡಿ ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ತುಸು ಓರೆ ಹಿಡಿಯಬೇಕಾಗುತ್ತಿತ್ತು. ತಗ್ಗು ಬಂದರೆ ಹಿಂಭಾಗ ಮೇಲೆ ಕೆಳಗೆ ಹಾರುವುದರ ಜೊತೆಗೆ ಪಕ್ಕಕ್ಕೂ ಒದೆಯುತ್ತಿತ್ತು. ಹಾಲು ಹಿಂಡುವಾಗ ಎಮ್ಮೆ ಒದೆಯುತ್ತದಲ್ಲ, ಹಾಗೆ. ಬಲಗಾಲಿ ಮಡ್‌ಗಾರ್ಡಿನ ಹಿಂದಿನ ಅಂಚಿಗೆ ತಾಕಿ ರಬ್ಬರು ಸುಟ್ಟ ವಾಸನೆ. ಕೌಜಲಗಿಯ ಮುಂದಿನ ಹಂಪ್ ದಾಟಿದಾಗ ಅಣ್ಣನಿಂದ ಮಾತು ಬರಲಿಲ್ಲ. ಅವನು ಮಾತಾಡದಿದ್ದರೆ ನನಗೆ ಭಯ. ಅಲ್ಲಿ ಎರಡು ಪೇಟಿ ಮಾಡಿದ, ತುಟಿ ಕಚ್ಚಿಕೊಂಡು. ಯಾರನ್ನೂ ಬೈಯಲಿಲ್ಲ. ಬಂದವರು ಮುಖ ಮುಖ ನೋಡಿಕೊಂಡು ಬೇಗ ಹೋದರು.

ಮರಳುವಾಗ ಮೂರು ಕಡೆ ನಿಲ್ಲಿಸಿದೆ. ಆಮೇಲೆ ನಾಲ್ಕು ದಿನ ಅವನು ಹಾಸಿಗೆಯಿಂದ ಏಳಲಿಲ್ಲ. ಡಾಕ್ಟರು ಬೆನ್ನಿನ ಸ್ನಾಯು ಬಿಗಿದಿದೆ ಎಂದರು. ಇನ್ನೊಮ್ಮೆ ಹೀಗಾದರೆ ಬಹಳ ದಿನ ಮಲಗಬೇಕಾದೀತು ಎಂದೂ ಸೇರಿಸಿದರು. ಐದನೆಯ ದಿನ ಅಣ್ಣ ಗೋಡೆಯ ಕಡೆ ಮುಖ ಮಾಡಿ ಹೇಳಿದ:

"ತಮ್ಮಾ, ಗಾಡ್ಯಾಗಿನ ಬೆಂಚ ಇಳಿಸಿಬಿಡು. ಪಡಸಾಲ್ಯಾಗ ಹಾಕು. ಯಾರಿಗೆ ಬೇಕೋ ಅವರ ಪೇಟಿ ತರಲಿ."

ಯಾರೂ ತರುವುದಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಮಂಡಳಿಯ ಪೇಟಿ ಮಠದ್ದು, ಊರಿನದು. ಅದು ಊರಿನ ಸೀಮೆ ದಾಟಬೇಕಾದರೆ ಹಿರಿಯರೆಲ್ಲ ಕೂಡಿ ಹೂಂ ಅನ್ನಬೇಕು, ಮತ್ತು ನಮ್ಮ ಕಡೆಯ ಹಿರಿಯರು ಕೂಡುವುದೂ ಹೂಂ ಅನ್ನುವುದೂ ಒಂದೇ ದಿನ ನಡೆದ ನೆನಪಿಲ್ಲ. ಬೆಂಚು ಪಡಸಾಲೆಗೆ ಬಂತೆಂದರೆ ಅದರ ಮೇಲೆ ಮೊದಲು ಔಷಧದ ಬಾಟಲಿ, ಆಮೇಲೆ ಮಡಿಚಿದ ಬಟ್ಟೆ ಕೂರುತ್ತವೆ. ಅಣ್ಣ ಮತ್ತೆ ಸಾರಿನ ಶ್ರುತಿಗೆ ಬರುತ್ತಾನೆ. ಅದೂ ಆಗಲಿ, ನನಗೆ ಹೆದರಿಕೆ ಹುಟ್ಟಿಸಿದ್ದು, ಸಾರಿನ ಬಗ್ಗೆಯೂ ಅವನು ಆ ಐದು ದಿನ ಏನೂ ಅನ್ನದೇ ಇದ್ದದ್ದು.

"ಅಮಾಸಿ ತನಕ ತಡಿ," ಎಂದೆ.

"ಆತು. ಅಮಾಸಿ ಮರುದಿನ ಇಳಿಸತಿ."

ಅಮಾವಾಸ್ಯೆಗೆ ಮೂರು ವಾರವಿತ್ತು.

ಅಂದಿನಿಂದ ಪ್ರಯೋಗ ಶುರುವಾಯಿತು. ಅಣ್ಣನ ತೂಕಕ್ಕೆ ಸರಿಯಾಗಿ ಜೋಳದ ಚೀಲವನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಹಗ್ಗ ಕಟ್ಟಿ, ಬೆಂಚಿನ ಮೇಲೆ ತುಂಬಿದ ಹಿತ್ತಾಳೆಯ ತಂಬಿಗೆ ಇಟ್ಟು ಹೊರಡುತ್ತಿದ್ದೆ. ಎಷ್ಟು ನೀರು ಚೆಲ್ಲಿತೋ ಅಷ್ಟು ನೋವು ಎಂಬುದು ನಾನು ಕಂಡುಹಿಡಿದ ವೈಜ್ಞಾನಿಕ ಮಾನ. ಓಣಿಯವರು ಇಣುಕಿ ನೋಡಿ, ಮಾಸ್ತರರು ಚೀಲಕ್ಕೆ ಗಾಳಿಸೇವನೆ ಮಾಡಿಸಲು ಹೊರಟಿದ್ದಾರೆಂದು ಆಡಿಕೊಂಡರು. ಹೆಂಡತಿ ಮಾತ್ರ ನನ್ನ ಪರವಾಗಿದ್ದಳು.

"ಚೀಲಾನ ಛಲೋ. ಹಾದಿಗುಂಟ ಸುಮ್ಮನ ಕೂಡತೈತಿ."

ಮೂಡಲಗಿಯಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಇದ್ದಾನೆ. ಗಾಡಿಯ ರೋಗಕ್ಕಿಂತ ಮೊದಲು ಅದನ್ನು ಹಿಂದೆ ಮುಟ್ಟಿದವನು ಯಾರೆಂದು ಕೇಳಿ ತಿಳಿದುಕೊಳ್ಳುವ ಪದ್ಧತಿಯವನು. ಗೋಕಾಕದವನ ವಿವರ ಕೇಳಿ ಪ್ರಸನ್ನನಾದ.

"ಅಂವ? ಅಂವ ಟ್ರಾಲಿ ಡಾಕ್ಟರ್ರಿ. ಮನಿಷ್ಯಾರ ಗಾಡಿ ಅವಗ ಏನ ತಿಳಿತೈತಿ. ದನದ ಡಾಕ್ಟರ ಕಡೆ ಹೆರಿಗಿ ಮಾಡಿಸಿದಂಗ ಆತು ನಿಮ್ಮದು."

ಅವನು ಎರಡೂ ಪಾಟಾ ಇಳಿಸಿದ. ಬುಶ್ಶುಗಳನ್ನು ತೆಗೆದು ಬೇರೆ ರಬ್ಬರಿನವು ಹಾಕಿದ. ಹೆಚ್ಚಿನ ಬೋಲ್ಟು ಕತ್ತರಿಸಿದ. ಪಾಟಾ ಬಹಳ ಬಿರುಸು ಎಂದು ಒಂದೊಂದು ಪಟ್ಟಿ ಕಳಚಿದ. ತಿರುಗಿ ಹತ್ತಿಸುವಾಗ ತಾನೇ ಕೇಳಿದ: "ಬಣ್ಣ ಛಲೋ ಹಚ್ಚೇರಿ. ಕೆಂಪು ಮುಂದ ಇತ್ತಲ್ರಿ?"

"ಮುಂದ. ಎರಡೂ ಕಡೆ," ಎಂದೆ ನಾನು, ನನ್ನ ಕಲೆಯನ್ನು ಗುರುತಿಸಿದವನ ಬಗ್ಗೆ ಗೌರವದಿಂದ.

ಬಡಿತ ನಿಂತಿತು. ಮೂಡಲಗಿಯಿಂದ ಮನೆಯವರೆಗೆ ಮಂದ್ರವೂ ಇಲ್ಲ, ತಾರವೂ ಇಲ್ಲ. ಆದರೆ ಇಳಿದು ನೋಡಿದರೆ ತಂಬಿಗೆಯಲ್ಲಿ ಅರ್ಧ ನೀರಿಲ್ಲ. ಚೆಲ್ಲಿದ್ದೆಲ್ಲ ಒಂದೇ ಕಡೆ. ಬಲಗಾಲಿಯ ರಬ್ಬರು ಚಪ್ಪಲಿಯ ಹಿಮ್ಮಡದಂತೆ ಒಂದೇ ಬದಿ ಸವೆದಿತ್ತು. ಅಣ್ಣ ಕಿಟಕಿಯಿಂದ ನೋಡುತ್ತಿದ್ದ. ನಾನು ತಂಬಿಗೆಯನ್ನು ಹೊಟ್ಟೆಗೆ ಆನಿಸಿಕೊಂಡು ಒಳಗೆ ನಡೆದೆ, ನೀರಿನ ಮಟ್ಟ ಕಾಣದ ಹಾಗೆ.

ಎರಡನೆಯ ಸಲ ಮೂಡಲಗಿಗೆ ಹೋದಾಗ ಅವನು ಆಘಾತ ತಡೆಯುವ ಕೊಳವೆಗಳು ಹೋಗಿವೆ ಎಂದ. ಅವನ್ನೂ ಬದಲಿಸಿದೆವು. ತಂಬಿಗೆ ಒಪ್ಪಲಿಲ್ಲ. ಮೂರನೆಯ ಸಲ ಅವನು ದೂರದಿಂದಲೇ ನನ್ನ ಗಾಡಿ ನೋಡಿ ಊಟಕ್ಕೆ ಹೋದ. ಊಟ ಬಹಳ ಹೊತ್ತು ನಡೆಯಿತು. ನಾನು ಅವನ ಶೆಡ್ಡಿನ ನೆರಳಲ್ಲಿ ಗಾಡಿಯ ಕೆಳಗೆ ಗೋಣಿತಾಟು ಹಾಸಿ ಮಲಗಿ, ನಾನೇ ಹಚ್ಚಿದ ಕೆಂಪು ಹಳದಿಗಳನ್ನು ನೋಡುತ್ತ ಸುಮ್ಮನೆ ಬಿದ್ದುಕೊಂಡಿದ್ದೆ. ಮೈಯಲ್ಲಿ ಏಳುವ ಕಸುವು ಇರಲಿಲ್ಲ. ಬೆಂಚು ಇಳಿಸಿಬಿಟ್ಟರೆ ನಾನೂ ಮನೆಯಲ್ಲಿ ಕೂರಬಹುದು, ಪೇಪರು ಓದಬಹುದು ಎಂಬ ವಿಚಾರ ಅಲ್ಲಿಯೇ ಬಂತು. ಬಂದದ್ದನ್ನು ಬರಲಿಲ್ಲ ಎನ್ನಲಾರೆ. ಒಂದೆರಡು ಗಳಿಗೆ ಅದು ಬಹಳ ರುಚಿಯಾಗಿಯೂ ಇತ್ತು.

ಅಮಾವಾಸ್ಯೆಗೆ ಮೂರು ದಿನ ಉಳಿದಾಗ ಹುಕ್ಕೇರಿಗೆ ಹೊರಟೆ. ಅಲ್ಲಿ ಗಾಲಿಗಳ ನೇರ ನೋಡುವ ಯಂತ್ರವಿದೆ ಎಂದು ಯಾರೋ ಹೇಳಿದ್ದರು. ಯಂತ್ರ ಇತ್ತು. ಕೆಂಪು ದೀಪ ಹಸಿರಾಯಿತು. ಯಂತ್ರದವನು ಕೈ ಒರೆಸಿಕೊಂಡು ಹೇಳಿದ: "ಮುಂದಿನ ಗಾಲಿ ಬರೋಬ್ಬರಿ ಅದಾವ್ರಿ."

"ಹಿಂದಿನವು?"

"ಹಿಂದಿನವು ನಮ್ಮ ಮಶೀನಿನ್ಯಾಗ ಬರಂಗಿಲ್ಲ."

ಹಸಿರು ದೀಪದ ಆಶೀರ್ವಾದ ಪಡೆದು ಊರ ಹೊರಗೆ ಬಂದೆ. ರಸ್ತೆಯ ಬದಿಗೆ ಬೇವಿನ ಗಿಡ, ಗಿಡದ ಕೆಳಗೆ ಚಕ್ಕಡಿ ಮಾಡುವ ಮುದುಕನ ಚಪ್ಪರ. ಈಗ ಹೊಲಕ್ಕೆ ಚಕ್ಕಡಿ ಮಾಡಿಸುವವರು ಕಡಿಮೆ. ಎತ್ತಿನ ಓಟದ ಶರ್ಯತ್ತಿನ ಹಗುರ ಗಾಡಿಗಳೇ ಅವನ ಕಸುಬು. ಇಂಜಿನ್ನಿಗೆ ನೀರು ಬೇಕಾಗಿತ್ತು, ನನಗೂ. ಗಾಡಿಯನ್ನು ಧೂಳಿನ ಬದಿಗೆ ಇಳಿಸಿ ನಿಲ್ಲಿಸಿದೆ. ಮುದುಕ ಮರ ಕೆತ್ತುವ ಬಾಚಿ ಹಿಡಿದು ಎದ್ದು ಬಂದ. ನೀರು ಕೊಡುವ ಮೊದಲು ಗಾಡಿಯ ಹಿಂದೆ ಹೋಗಿ ನಿಂತು ನೆಲ ನೋಡಿದ.

"ಗಾಡಿ ಎಲ್ಲಿದ್ರಿ?"

"ಗೋಕಾಕದ್ದು."

"ಗೋಕಾಕದಿಂದ ಇಲ್ಲೀತನಕ ಹಿಂಗ ಅಡ್ಡಡ್ಡ ಬಂದೇರಿ?"

"ಅಡ್ಡ ಅಂದ್ರ?"

"ಇಲ್ಲಿ ನೋಡ್ರಿ. ಎಷ್ಟ ಗೀಟು ಬಿದ್ದಾವ?"

ನೋಡಿದೆ. ಧೂಳಿನಲ್ಲಿ ಗಾಲಿಯ ಜಾಡು ನಾಲ್ಕು ಇದ್ದವು.

"ಮುಂದಿನ ಗಾಲಿ ಹೋದ ಹಾದಿ ಮ್ಯಾಲ ಹಿಂದಿನ ಗಾಲಿ ಹೋಗಬೇಕು. ಎರಡ ಗೀಟು ಬೀಳಬೇಕು. ನಿಮ್ಮ ಗಾಡಿ ಕುಂಡಿ ಒಂದ ಕಡೆ, ಮಾರಿ ಒಂದ ಕಡೆ ಮಾಡಿ ನಡೀತೈತಿ. ಶರ್ಯತ್ತಿಗೆ ಹಿಂತಾ ಗಾಡಿ ಬಿಟ್ರ ಎತ್ತು ಬೈತಾವ."

ಮೂವತ್ತು ವರ್ಷ ಮಕ್ಕಳಿಗೆ ಗೀಟು ಎಳೆಯುವುದನ್ನು ಕಲಿಸಿದ ನಾನು, ಮೂರು ವಾರ ನನ್ನದೇ ಗಾಡಿ ಮೂರು ತಾಲೂಕಿನ ನೆಲದ ಮೇಲೆ ಬರೆಯುತ್ತ ಬಂದ ಗೀಟುಗಳನ್ನು ಎಣಿಸಿರಲಿಲ್ಲ.

ಮುದುಕ ಒಳಗಿನಿಂದ ಹುರಿ ತಂದ. ಚಕ್ಕಡಿಯ ಅಚ್ಚು ಕೂರಿಸುವಾಗ ನೊಗ ಕಟ್ಟುವ ಮೂಕಿಯ ತುದಿಯಿಂದ ಅಚ್ಚಿನ ಎರಡೂ ಕೊನೆಗೆ ಹುರಿ ಹಿಡಿದು ನೋಡುತ್ತಾರೆ. ಎರಡೂ ಸಮ ಬಂದರೆ ಅಚ್ಚು ನೆಟ್ಟಗಿದೆ ಎಂದರ್ಥ. ನಮ್ಮ ಗಾಡಿಗೆ ಮೂಕಿ ಎಲ್ಲಿಯದು? ಮುಂಭಾಗದ ನಟ್ಟನಡುವೆ ಹುರಿಯ ಒಂದು ಕೊನೆಯನ್ನು ನನ್ನ ಕೈಗೆ ಕೊಟ್ಟು, ಅವನು ಗಾಡಿಯ ಕೆಳಗೆ ಹೊಕ್ಕ. ಎಡಕ್ಕೆ ಹಿಡಿದು ಗಂಟು ಹಾಕಿದ. ಬಲಕ್ಕೆ ಹಿಡಿದ. ಗಂಟು ಮುಟ್ಟಲಿಲ್ಲ.

"ಎರಡ ಬೆರಳು ಹಿಂದ ಐತ್ರಿ ಬಲಗಾಲಿ."

ನಾನೂ ಮಲಗಿ ತೆವಳಿದೆ. ಮುದುಕ ಈಗ ಪಾಟಾದ ನಡುವಿನ ಬೋಲ್ಟಿನಿಂದ ಎರಡೂ ತುದಿಗೆ ಗೇಣು ಹಾಕುತ್ತಿದ್ದ. "ಇದರ ನಡು ನಟ್ಟನಡುವ ಇಲ್ಲ. ಒಂದ ಕಡೆ ಗಿಡ್ಡ, ಒಂದ ಕಡೆ ಉದ್ದ. ಬೇಕಂತ ಹಂಗ ಮಾಡ್ಯಾರ. ಎಡಕ್ಕ ಗಿಡ್ಡಂದು ಮುಂದ ಐತಿ, ಬಲಕ್ಕ ಉದ್ದಂದು ಮುಂದ ಐತಿ. ಒಂದ ಪಾಟಾ ತಿರಗಾಮುರಗಾ ಕುಂತೈತಿ, ಅಷ್ಟ." ಎಂದವನು ಬಾಚಿಯ ಮೂಲೆಯಿಂದ ನೀಲಿ ಪಟ್ಟೆಯನ್ನು ಕೆರೆಯತೊಡಗಿದ. ಎರಡು ಕೋಟು ಹೆಚ್ಚಿಗೆ ಹಚ್ಚಿದ್ದರಿಂದ ಕಷ್ಟಪಟ್ಟೇ ಬಿಟ್ಟಿತು. ಅದರ ಕೆಳಗೆ ಬಿಳಿ ಬಾಣದ ಗುರುತು. ಅವಸರದಲ್ಲಿ ಗೀಚಿದ್ದರೂ ಸ್ಪಷ್ಟವಾಗಿತ್ತು. ಇಂಜಿನ್ನಿಗೆ ಬೆನ್ನು ಮಾಡಿ ನಾನು ಬಂದ ದಿಕ್ಕು ತೋರಿಸುತ್ತಿತ್ತು. ಎಡಗಡೆಯದನ್ನೂ ಕೆರೆದ. ಅಲ್ಲಿ ಬಾಣ ಮುಂದಕ್ಕಿತ್ತು.

ಒಂದರ ತಲೆಗೆ ಇನ್ನೊಂದರ ಕಾಲು. ಹಾಗೆಯೇ ಇಟ್ಟು, ಕೂತಲ್ಲಿಂದ ಏಳದೆ, ಬಲಗಡೆಗೆಲ್ಲ ಕೆಂಪು ಬಳಿದಿದ್ದೆ. ಒಂದರ ತಲೆಗೆ, ಇನ್ನೊಂದರ ಕಾಲಿಗೆ. ಆಮೇಲೆ ಇಬ್ಬರು ಮೆಕ್ಯಾನಿಕ್ಕುಗಳ ಎದುರು ನಿಂತು, ಕೆಂಪು ಮುಂದಕ್ಕೆ ಎಂದು ಅಪ್ಪಣೆ ಕೊಟ್ಟಿದ್ದೆ.

"ಈ ಬಣ್ಣ ಯಾರ ಹಚ್ಚಿದ್ದರಿ?" ಮುದುಕ ಕೇಳಿದ.

"ಗೋಕಾಕದಾಗ ಒಬ್ಬ ಮಾಸ್ತರ ಅದಾನ."

"ಕೈ ಛಲೋ ಐತಿ," ಎಂದ ಮುದುಕ. ನೀರು ತರಲು ಹೋದ.

ಮರುದಿನ ಗೋಕಾಕದ ಮೆಕ್ಯಾನಿಕ್ಕಿನ ಮುಂದೆ ನಿಂತೆ. ತಪ್ಪೊಪ್ಪಿಗೆಗೆ ನಾನು ಗಂಭೀರವಾದ ನಾಲ್ಕು ವಾಕ್ಯ ಸಿದ್ಧಪಡಿಸಿದ್ದೆ. ಎರಡನೆಯ ವಾಕ್ಯಕ್ಕೇ ಅವನು ನೆಲದ ಮೇಲೆ ಕೂತು ನಗಲು ಶುರು ಮಾಡಿದ.

"ಅದಕ್ಕ ಅವತ್ತ ಹಾರಿ ಹಾಕಿ ಜಗ್ಗಿದ್ವಲ್ರಿ! ನಾ ಕಿಟ್ಟಿಗೆ ಬೈದೆ. ಪಾಪ, ಕಿಟ್ಟಿಗೆ ಬಾಯಿಲ್ಲ." ಆಮೇಲೆ ನಗು ನಿಲ್ಲಿಸಿ, "ನಂದೂ ತಪ್ಪೈತಿ ಬಿಡ್ರಿ. ಅಷ್ಟ ಜಗ್ಗಬೇಕಾದ್ರ ನಿಂತು ನೋಡಬೇಕಿತ್ತು. ಟ್ರಾಲಿ ಮಾಡಿ ಮಾಡಿ ಹಿಂದ ಮುಂದ ನೋಡೂದ ಮರತೈತಿ," ಎಂದ.

ಬಲಗಡೆಯ ಪಾಟಾ ತಿರುಗಿಸಿ ಹಾಕಿದ. ಈ ಸಲ ಹಾರೆ ಬೇಕಾಗಲಿಲ್ಲ. ಮೂಡಲಗಿಯವನು ಕಳಚಿದ ಪಟ್ಟಿಗಳನ್ನು ನೋಡಿ, ಅದೊಂದು ಕೆಲಸ ಅವನು ಬರೋಬ್ಬರಿ ಮಾಡಿದ್ದಾನೆ ಎಂದು ಒಪ್ಪಿಕೊಂಡ. ಹೀಗೆ ಹೊಗಳುವಾಗ ಅವನ ಮುಖ ಕಹಿಯಾಗಿತ್ತು. ಗಾಡಿಗೆ ಈಗ ಎಡಕ್ಕೆ ಕೆಂಪು ಮೂಗು, ಬಲಕ್ಕೆ ಹಳದಿ ಮೂಗು. ತಂಬಿಗೆಯಲ್ಲಿ ನೀರು ಕೊರಳಿನವರೆಗೂ ಉಳಿಯಿತು.

ಚೀಲ ಒಪ್ಪಿತು. ಅಣ್ಣನನ್ನು ಒಪ್ಪಿಸುವುದು ಉಳಿದಿತ್ತು.

ಅಮಾವಾಸ್ಯೆಯ ಮರುದಿನ ಮುಂಜಾನೆ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತೊಡೆಯ ಮೇಲೆ ಹದಿನಾಲ್ಕರ ಸ್ಪ್ಯಾನರ್ ಇಟ್ಟುಕೊಂಡು ಕೂತಿದ್ದ. ಆ ಸ್ಪ್ಯಾನರು ಬೆಂಚಿನ ಬೋಲ್ಟಿನದು.

"ಇಳಸೂಣು ಬಾ."

"ಒಂದ ಸಲ ಮಮದಾಪುರ ತನಕ ಹೋಗಿ ಬರೂಣು. ಪೇಟಿ ಕಾಯಾಕತ್ತಾವ."

"ಚೀಲಾನ ಕರಕೊಂಡು ಹೋಗು. ನಿಮ್ಮಿಬ್ಬರದು ಛಲೋ ಹೊಂದತೈತಿ."

"ಚೀಲಕ್ಕ ಶ್ರುತಿ ತಿಳ್ಯಂಗಿಲ್ಲ."

ಅಣ್ಣ ಸ್ಪ್ಯಾನರಿನ ಬಾಯಿಯನ್ನು ಹೆಬ್ಬೆರಳಿನಿಂದ ಒರೆಸಿದ. "ಮಮದಾಪುರ ತನಕ. ಬೆನ್ನಿಗೆ ಒಂದ ಏಟು ಬಿತ್ತೋ, ಅಲ್ಲೇ ಬೆಂಚ ಬಿಚ್ಚೂದು. ಮಠಕ್ಕ ಕೊಟ್ಟು ಬರೂದು." ಸ್ಪ್ಯಾನರನ್ನು ತೊಡೆಯಿಂದ ಕೆಳಗಿಡಲಿಲ್ಲ.

ಹಲಗೆಯ ಮೇಲೆ ಕುರ್ಚಿ ನೂಕಿ ಹತ್ತಿಸಿದೆ. ಗಾಲಿ ಕಟ್ಟಿದೆ. ಬೆನ್ನಿಗೆ ದಿಂಬು ಕೊಟ್ಟೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಊರು ದಾಟಿದೆ. ಹಿಂದಿನಿಂದ ದನಿಯಿಲ್ಲ. ಕಬ್ಬಿನ ಟ್ರಾಲಿಗಳು ಕೆಡಿಸಿಟ್ಟ ರಸ್ತೆ; ಒಂದೊಂದು ತಗ್ಗನ್ನೂ ನಾನು ನನ್ನ ಬೆನ್ನಲ್ಲೇ ಇಳಿಸಿ ಹತ್ತಿಸಿದೆ. ನನಗೂ ಅವನಿಗೂ ನಡುವೆ ಅಂಗೈಯಷ್ಟು ಕಿಂಡಿಯಿದೆ, ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ಒಂದು ಕಡೆ ಮರೆತು ಹಂಪನ್ನು ಜೋರಾಗಿಯೇ ಹತ್ತಿಸಿಬಿಟ್ಟೆ. ಆಮೇಲೆ ಹಿಂದೆ ಕಬ್ಬಿಣದ ಮೇಲೆ ಕಬ್ಬಿಣ ತಿರುಗುವ ಸಪ್ಪಳ ಕೇಳತೊಡಗಿತು. ಕಿರ್ ಕಿರ್ ಎಂದು, ನಿಂತು ನಿಂತು. ಸ್ಪ್ಯಾನರು. ಮಮದಾಪುರದವರೆಗೂ ಕಾಯದೆ ಬಿಚ್ಚುತ್ತಿದ್ದಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ನಿಲ್ಲಿಸಿ ಏನು ಹೇಳಲಿ? ಅಷ್ಟು ದಣಿದಿದ್ದೆ.

ಮಠದ ಮುಂದೆ ಗಾಡಿ ನಿಲ್ಲಿಸಿ, ಕೆಳಗಿಳಿದು, ಹಿಂದೆ ಹೋಗಿ ಬಾಗಿಲು ತೆರೆದೆ. ಅಣ್ಣ ಬಗ್ಗಿ ನಾಲ್ಕನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ. ಬೆಂಚು ಅಲುಗಾಡದೆ ನಿಂತಿತ್ತು.

"ನಾಕೂ ಬೋಲ್ಟು ಸಡ್ಲ ಆಗಿದ್ದುವು," ಎಂದ. "ನಿನ್ನ ಜೋಳದ ಚೀಲಕ್ಕ ಅದು ಕಾಣಲಿಲ್ಲೇನು?"

"ಬೆನ್ನು?"

"ನೋವೈತಿ. ರಸ್ತೆದ್ದು ಅದು. ರಸ್ತಾಕ್ಕ ನೀ ಬಣ್ಣ ಹಚ್ಚಬ್ಯಾಡ." ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟ. "ಹತ್ತೂವಾಗ ನೋಡೀನಿ. ಒಂದ ಕಡೆ ಕೆಂಪು, ಒಂದ ಕಡೆ ಹಳದಿ. ಯಾರ ತಪ್ಪು?"

ಗೋಕಾಕದವನ ಹೆಸರು ನಾಲಗೆಯ ತುದಿಯವರೆಗೆ ಬಂದಿತ್ತು. ಮೂಡಲಗಿಯವನದೂ ಅದರ ಹಿಂದೆ ಸಾಲು ಹಚ್ಚಿತ್ತು.

"ನಂದು," ಎಂದೆ.

"ಹೂಂ," ಎಂದ ಅಣ್ಣ. ಅದು ಯಾವ ಸ್ವರದಲ್ಲಿತ್ತೋ ನನಗೆ ತಿಳಿಯದು; ನನಗೆ ಆ ಕಿವಿಯಿಲ್ಲ.

ಅಷ್ಟರಲ್ಲಿ ಮಂಡಳಿಯ ಹಿರಿಯನೊಬ್ಬ ಪೇಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. "ಏನ್ರಿ ಪೇಟಿ ಮಾಸ್ತರ, ಇಷ್ಟ ದಿನಾ ಪತ್ತೇನ ಇಲ್ಲ. ಹೋದ್ರೇನೋ ಅಂತ ಮಾಡಿದ್ವಿ."

"ನನ್ನ ತಮ್ಮ ಹೋಗಗೊಡವಲ್ಲ. ತರ್ರಿ ಇಲ್ಲೆ." ಅಣ್ಣ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ. ಮುಚ್ಚಳ ತೆರೆದು ಒಳಗೆ ಇಣುಕಿದ. ಒಂದು ಕಟ್ಟಿಗೆಯ ಕೀಲಿಯನ್ನು ಒತ್ತಿ ಕಣ್ಣು ಮುಚ್ಚಿದ. ನಾಲ್ಕಾರು ಜನ ಸೇರಿದ್ದರು, ಕಾಯುತ್ತಿದ್ದರು.

"ಇದಕ್ಕ ಚಾ ಕುಡಿಸೇರಿ," ಎಂದ ಅಣ್ಣ ಊರಿಗೆಲ್ಲ ಕೇಳುವಂತೆ. "ಸಕ್ರಿ ಭಾಳ ಹಾಕೇರಿ. ಇರಿವಿಗಿ ದಾಸೋಹ ನಡೆಸೇರೇನು ಮಠದಾಗ?"

ನಾನು ಗಾಡಿಯ ಹಿಂದೆ ಹೋದೆ. ಧೂಳಿನಲ್ಲಿ ಎರಡೇ ಗೀಟು. ತೀರ ನೆಟ್ಟಗೇನೂ ಇರಲಿಲ್ಲ, ಆದರೆ ಅದು ಓಡಿಸಿದವನ ಕೈಯ ದೋಷ. ಗಾಡಿಯ ಕೆಳಗಿನ ನೆರಳಲ್ಲಿ ಗೋಣಿತಾಟು ಹಾಸಿದೆ. ಈ ಸಲ ಮೇಲೆ ನೋಡಬೇಕಾದ್ದು ಏನೂ ಇರಲಿಲ್ಲ. ಕಣ್ಣು ಮುಚ್ಚಿದೆ. ಮೇಲಿನಿಂದ ಅಣ್ಣ ಇನ್ನೂ ಬೈಯುತ್ತಿದ್ದ.